ಫ್ಲಾರಿಡಾ ಕೀಸ್‌ನಲ್ಲಿ ಮಾಹಿ ಮಾಹಿ: ಬೋಟ್ ಬುಕ್ ಮಾಡುವುದರಿಂದ ತವಾ ತನಕ

ಬೇಸಿಗೆ ರಜೆಗೆ ಮಯಾಮಿ, ಅಲ್ಲಿಂದ ಕೀಸ್ ಎಂಬ ದ್ವೀಪಗಳ ಸಾಲಿನ ಮೇಲೆ ಕಾರಿನಲ್ಲಿ ಕೀ ವೆಸ್ಟ್. ಅಮೆರಿಕದಲ್ಲಿರುವ ನಮ್ಮವರು ಬಹಳ ಮಂದಿ ಈ ಪ್ರವಾಸ ಮಾಡುತ್ತಾರೆ. ದಾರಿಯುದ್ದಕ್ಕೂ ಎರಡೂ ಕಡೆ ಕಡಲು ನೋಡಿ, ಫೋಟೋ ತೆಗೆದು ವಾಪಸ್ ಬರುತ್ತಾರೆ. ನನ್ನ ಸಲಹೆ ಕೇಳಿದರೆ, ಅದರಲ್ಲಿ ಒಂದು ದಿನವನ್ನು ಆ ಕಡಲಿಗೇ ಕೊಡಿ. ದಾರಿಯಲ್ಲಿ ಸಿಗುವ ಐಲಮೊರಾಡಾ ಅಥವಾ ಮ್ಯಾರಥಾನ್‌ನಲ್ಲಿ ಬೋಟ್ ಹತ್ತಿ ಮಾಹಿ ಮಾಹಿ ಹಿಡಿಯಲು ಹೋಗಿ. ಮೀನು ಹಿಡಿಯುವ ಅಭ್ಯಾಸ ಇಲ್ಲದವರಿಗೂ ಸಿಗುವ ದೊಡ್ಡ ಕಡಲಮೀನು ಇದು. ಮೇಲ್ನೀರಿನಲ್ಲೇ ಇರುತ್ತದೆ, ಕಣ್ಣಿಗೆ ಕಾಣುತ್ತದೆ, ಹಸಿವು ಜಾಸ್ತಿ, ರುಚಿಯೂ ಚೆನ್ನ.

ಇದನ್ನು ಹಿಡಿಯುವುದಕ್ಕಿಂತ ಹುಡುಕುವುದೇ ಕಷ್ಟ. ಬೋಟಿನಲ್ಲಿ ಎಲ್ಲರೂ ನೀರು ನೋಡುತ್ತಾ ಕೂತರೆ ಮೀನು ಸಿಗುವ ಸಾಧ್ಯತೆ ಹೆಚ್ಚು. ಎಲ್ಲರೂ ಮೊಬೈಲ್ ನೋಡುತ್ತಾ ಕೂತರೆ ಕ್ಯಾಪ್ಟನ್ ಒಬ್ಬರ ಎರಡು ಕಣ್ಣಿನ ಮೇಲೆ ಇಡೀ ದಿನ ನಿಂತಿರುತ್ತದೆ. ಅದಕ್ಕೇ ಈ ಬರಹದಲ್ಲಿ ಹುಡುಕುವ ಭಾಗ ಸ್ವಲ್ಪ ಉದ್ದವಾಗಿಯೇ ಇದೆ.

ಮೀನಿನ ಸ್ವಭಾವ

ಮಾಹಿ ಬಹಳ ಬೇಗ ಬೆಳೆಯುವ ಮೀನು. ನಾಲ್ಕೈದು ತಿಂಗಳಿಗೇ ಮೊಟ್ಟೆ ಇಡಲು ತಯಾರಾಗುತ್ತದೆ. ನಾಲ್ಕೈದು ವರ್ಷಕ್ಕಿಂತ ಹೆಚ್ಚು ಬದುಕುವುದು ಅಪರೂಪ. ಇಷ್ಟು ವೇಗವಾಗಿ ಬೆಳೆಯಬೇಕೆಂದರೆ ಹಗಲೆಲ್ಲ ತಿನ್ನುತ್ತಿರಬೇಕು. ಹಾರುವ ಮೀನು, ಸಣ್ಣ ಸ್ಕ್ವಿಡ್, ತೇಲುವ ಕಳೆಯೊಳಗೆ ಅಡಗಿರುವ ಮರಿಮೀನು, ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಗಾಳಕ್ಕೆ ಸುಲಭವಾಗಿ ಬೀಳುವುದೂ ಇದರಿಂದಲೇ.

ಗಂಡಿನ ಹಣೆ ಗೋಡೆಯ ಹಾಗೆ ನೇರ, ಹೆಣ್ಣಿನ ತಲೆ ದುಂಡಗೆ. ಬೋಟಿನವರು ಗಂಡನ್ನು ಬುಲ್, ಹೆಣ್ಣನ್ನು ಕೌ ಅನ್ನುತ್ತಾರೆ. ಗುಂಪಿನಲ್ಲಿ ತಿರುಗುವ ಚಿಕ್ಕವು ಸ್ಕೂಲಿ. ಗ್ಯಾಫ್, ಅಂದರೆ ಉದ್ದ ಹಿಡಿಯ ಕೊಕ್ಕೆ, ಹಾಕಿ ಎತ್ತಬೇಕಾದಷ್ಟು ದೊಡ್ಡದು ಗ್ಯಾಫರ್. ಕ್ಯಾಪ್ಟನ್ ಬಾಯಲ್ಲಿ ‘ಡಾಲ್ಫಿನ್’ ಅಂತ ಕೇಳಿದರೆ ಗಾಬರಿ ಬೇಡ, ಅಲ್ಲಿನವರು ಈ ಮೀನಿಗೇ ಹಾಗೆ ಕರೆಯುವುದು. ವಿಶ್ವದಾಖಲೆಯ ಮೀನು 1976ರಲ್ಲಿ ಕೋಸ್ಟರಿಕದ ಪಾಪಗಾಯೋ ಕೊಲ್ಲಿಯಲ್ಲಿ ಸಿಕ್ಕಿದ್ದು, ತೂಕ 39.46 ಕಿಲೋ. ಕೀಸ್‌ನಲ್ಲಿ ನಿಮಗೆ ಸಿಗುವುದು ಸಾಮಾನ್ಯವಾಗಿ ಎರಡು ಮೂರು ಕಿಲೋದ ಸ್ಕೂಲಿಗಳು. ಅದೃಷ್ಟ ಇದ್ದರೆ ಹತ್ತು ಕಿಲೋ ದಾಟಿದ್ದೊಂದು.

ಯಾವಾಗ ಹೋಗಬೇಕು, ಯಾವ ಬೋಟ್

ಏಪ್ರಿಲ್ ಕೊನೆಯಿಂದ ಆಗಸ್ಟ್ ತನಕ ಒಳ್ಳೆಯ ಕಾಲ. ದೊಡ್ಡ ಮೀನು ಬೇಕೆಂದರೆ ಮೇ, ಜೂನ್ ಆರಿಸಿಕೊಳ್ಳಿ. ಜುಲೈ ನಂತರ ಚಿಕ್ಕವು ಜಾಸ್ತಿ, ಆದರೆ ಕಡಲು ಶಾಂತವಾಗಿರುವ ದಿನಗಳೂ ಜಾಸ್ತಿ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಆ ಕಾಲವೇ ಅನುಕೂಲ.

ಬೋಟ್ ಬುಕ್ ಮಾಡುವಾಗ ಅರ್ಧ ದಿನದ ಟ್ರಿಪ್ ತೆಗೆದುಕೊಳ್ಳಬೇಡಿ. ಮಾಹಿ ಇರುವುದು ದಡದಿಂದ ಹತ್ತು ಮೈಲಿಯಿಂದ ಇಪ್ಪತ್ತೈದು ಮೈಲಿ ಆಚೆ, ಕೆಲವು ದಿನ ಇನ್ನೂ ದೂರ. ನಾಲ್ಕು ಗಂಟೆಯ ಟ್ರಿಪ್‌ನಲ್ಲಿ ಹೋಗಿ ಬರುವುದಕ್ಕೇ ಅರ್ಧ ಹೊತ್ತು ಕಳೆದುಹೋಗುತ್ತದೆ. ಕಡಿಮೆ ಅಂದರೂ ಆರು ಗಂಟೆ, ಆಗುವುದಾದರೆ ಎಂಟು ಗಂಟೆ. ದುಡ್ಡು ಜಾಸ್ತಿ ಅನ್ನಿಸಿದರೆ ಇನ್ನೊಂದು ಕುಟುಂಬವನ್ನು ಸೇರಿಸಿಕೊಂಡು ಹಂಚಿಕೊಳ್ಳಿ. ಚಾರ್ಟರ್, ಅಂದರೆ ಕ್ಯಾಪ್ಟನ್ ಸಮೇತ ಬಾಡಿಗೆಗೆ ಸಿಗುವ, ಬೋಟ್‌ಗಳಲ್ಲಿ ಹೆಚ್ಚಿನವು ಆರು ಜನರ ತನಕ ಕರೆದುಕೊಂಡು ಹೋಗುತ್ತವೆ.

ಫೋನಿನಲ್ಲಿ ಮಾತಾಡುವಾಗ ಇಷ್ಟು ಕೇಳಿ ಇಟ್ಟುಕೊಳ್ಳಿ. ಎರೆ, ಐಸ್, ರಾಡ್ ಎಲ್ಲ ಬಾಡಿಗೆಯಲ್ಲಿ ಸೇರಿದೆಯೇ? ಮೀನು ಕತ್ತರಿಸಿ ಕೊಡುತ್ತಾರೆಯೇ? ಗಾಳಿ ಜಾಸ್ತಿಯಾಗಿ ಟ್ರಿಪ್ ರದ್ದಾದರೆ ಮುಂಗಡ ವಾಪಸ್ ಬರುತ್ತದೆಯೇ? ಸಿಕ್ಕಿದ ಮೀನೆಲ್ಲ ನಮ್ಮದೇ ತಾನೆ? ಈ ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಬೋಟಿನ ಮೇಟ್‌ಗೆ, ಅಂದರೆ ಡೆಕ್ಕಿನಲ್ಲಿ ನಿಮ್ಮ ಜೊತೆ ದುಡಿಯುವವರಿಗೆ, ಬಾಡಿಗೆಯ 15ರಿಂದ 20 ಶೇಕಡ ಟಿಪ್ಸ್ ಕೊಡುವುದು ಅಲ್ಲಿನ ರೂಢಿ. ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಚಾರ್ಟರ್‌ನಲ್ಲಿ ಹೋದರೆ ಬೋಟಿನ ಲೈಸೆನ್ಸೇ ನಿಮಗೂ ಸಾಕು. ಸ್ನೇಹಿತರ ಸ್ವಂತ ಬೋಟಿನಲ್ಲಿ ಹೋಗುವುದಾದರೆ ಮಾತ್ರ ಫ್ಲಾರಿಡಾದ ಉಪ್ಪುನೀರಿನ ಮೀನುಗಾರಿಕೆ ಲೈಸೆನ್ಸನ್ನು 16 ವರ್ಷ ತುಂಬಿದ ಪ್ರತಿಯೊಬ್ಬರೂ ಮಾಡಿಸಿಕೊಳ್ಳಬೇಕು. ಹೊರ ರಾಜ್ಯದವರಿಗೆ ಮೂರು ದಿನದ್ದು, ಏಳು ದಿನದ್ದು ಅಂತ ಸಿಗುತ್ತದೆ, ಆನ್‌ಲೈನಿನಲ್ಲೇ ಮಾಡಿಸಬಹುದು.

ಹಿಂದಿನ ರಾತ್ರಿ

ಕಡಲಿನ ವಾಂತಿ ಶುರುವಾದ ಮೇಲೆ ಮಾತ್ರೆ ತೆಗೆದುಕೊಂಡು ಉಪಯೋಗವಿಲ್ಲ. ಹಿಂದಿನ ರಾತ್ರಿ ಮಲಗುವಾಗ ಒಂದು, ಬೆಳಿಗ್ಗೆ ಹೊರಡುವ ಮುಂಚೆ ಒಂದು. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಮೆಕ್ಲಿಜಿನ್ ಬಹಳ ಜನಕ್ಕೆ ಒಗ್ಗುತ್ತದೆ. ಬೇರೆ ಔಷಧಿ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳಿ. ರಾತ್ರಿ ಕುಡಿಯುವುದು ಬೇಡ, ನಿದ್ದೆ ಕೆಡುವುದು ಬೇಡ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಮಸಾಲೆದೋಸೆ ತಿಂದೂ ಹೋಗಬೇಡಿ. ಬ್ರೆಡ್ಡೋ ಇಡ್ಲಿಯೋ ಸಾಕು. ತಲೆ ತಿರುಗುತ್ತಿದೆ ಅನ್ನಿಸಿದರೆ ಕ್ಯಾಬಿನ್ ಒಳಗೆ ಹೋಗದೆ, ಬೋಟಿನ ಹಿಂಭಾಗದಲ್ಲಿ ನಿಂತು ದಿಗಂತ ನೋಡಿ.

ಪೋಲರೈಸ್ಡ್ ಕನ್ನಡಕ ತಪ್ಪದೇ ಇರಲಿ. ಅದಿಲ್ಲದೆ ನೀರಿನ ಮೇಲಿನ ಹೊಳಪು ಮಾತ್ರ ಕಾಣುತ್ತದೆ, ಕೆಳಗಿನ ಮೀನು ಕಾಣುವುದಿಲ್ಲ. ಉದ್ದ ತೋಳಿನ ತೆಳು ಅಂಗಿ, ಟೋಪಿ, ಡೆಕ್ಕಿನಲ್ಲಿ ಗುರುತು ಬೀಳದ ಅಡಿಯ ಚಪ್ಪಲಿ, ಧಾರಾಳ ನೀರು. ಬುತ್ತಿಯಲ್ಲಿ ಬಾಳೆಹಣ್ಣು ಇಡಬೇಡಿ. ಬೋಟಿನಲ್ಲಿ ಬಾಳೆಹಣ್ಣು ಅಪಶಕುನ ಅಂತ ಅಲ್ಲಿನ ಬಹಳ ಕ್ಯಾಪ್ಟನ್‌ಗಳು ನಂಬುತ್ತಾರೆ. ಅವರ ಬೋಟು, ಅವರ ನಂಬಿಕೆ. ಗೌರವಿಸೋಣ.

ಹುಡುಕುವುದು

ಕೀಸ್‌ನ ಆಚೆ ಕಡಲೊಳಗೊಂದು ಹೊಳೆ ಹರಿಯುತ್ತದೆ. ಮೆಕ್ಸಿಕೋ ಕೊಲ್ಲಿಯ ಬೆಚ್ಚಗಿನ ನೀರು ಫ್ಲಾರಿಡಾ ಮತ್ತು ಕ್ಯೂಬಾ ನಡುವೆ ಹಾದು, ಬಡಗಣಕ್ಕೆ ತಿರುಗಿ, ಗಲ್ಫ್ ಸ್ಟ್ರೀಮ್ ಆಗುತ್ತದೆ. ಮಾಹಿಗಳು ಈ ಪ್ರವಾಹದ ಜೊತೆಯೇ ಸಾಗುತ್ತವೆ. ದಡದ ಹತ್ತಿರದ ನೀರು ಹಸಿರು. ಹವಳದ ದಿಬ್ಬ ದಾಟಿ ಆಳ ಹೆಚ್ಚಿದಂತೆ ಒಂದು ಕಡೆ ಬಣ್ಣ ಬದಲಾಗಿ ಗಾಢ ನೀಲಿ ಶುರುವಾಗುತ್ತದೆ. ಕೆಲವು ದಿನ ಈ ಗೆರೆ ಕತ್ತರಿಸಿದ ಹಾಗೆ ಸ್ಪಷ್ಟವಾಗಿರುತ್ತದೆ. ಹುಡುಕಾಟ ಅಲ್ಲಿಂದ ಶುರು. ಕೆಳಗೆ ನಾನೂರು ಅಡಿ ಇರಬಹುದು, ಸಾವಿರ ಅಡಿ ಇರಬಹುದು. ಮೀನು ಮಾತ್ರ ಮೇಲಿನ ಕೆಲವೇ ಅಡಿಗಳಲ್ಲಿ.

ತೆರೆದ ಕಡಲಿನಲ್ಲಿ ಮರಿಮೀನುಗಳಿಗೆ ಅಡಗಲು ಜಾಗವಿಲ್ಲ. ಏನಾದರೂ ತೇಲುತ್ತಿದ್ದರೆ ಅದರ ಅಡಿಗೆ ಸೇರಿಕೊಳ್ಳುತ್ತವೆ. ಅವನ್ನು ತಿನ್ನಲು ಮಾಹಿ ಬರುತ್ತದೆ. ಇದೊಂದು ವಿಷಯ ಮನಸ್ಸಿನಲ್ಲಿದ್ದರೆ ಏನು ನೋಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲನೆಯದು ಸರ್ಗಾಸಮ್. ಹಳದಿ ಕಂದು ಬಣ್ಣದ ತೇಲುವ ಕಡಲಕಳೆ ಇದು, ಸಣ್ಣ ಗುಳ್ಳೆಗಳ ಬಲದಿಂದ ತೇಲುತ್ತದೆ. ಗಾಳಿ ಮತ್ತು ಪ್ರವಾಹ ಸೇರಿ ಇದನ್ನು ಉದ್ದ ಸಾಲಾಗಿ ಜೋಡಿಸುತ್ತವೆ. ಕಳೆ ಅಲ್ಲಲ್ಲಿ ಚೆದುರಿ ಬಿದ್ದಿದ್ದರೆ ಅಷ್ಟು ಉಪಯೋಗವಿಲ್ಲ, ಗಾಳಕ್ಕೆ ಸಿಕ್ಕಿಕೊಂಡು ತಲೆನೋವು ಮಾತ್ರ. ಗಟ್ಟಿಯಾಗಿ ಒತ್ತಿಕೊಂಡ ಸಾಲು, ಜೊತೆಗೆ ನೊರೆ, ಸೌದೆ, ಬಾಟಲಿ ಎಲ್ಲ ಸೇರಿಕೊಂಡಿದ್ದರೆ ಅದು ಹಳೆಯ ಸಾಲು. ಅದರಡಿ ಒಂದು ಸಣ್ಣ ಲೋಕವೇ ಬೆಳೆದಿರುತ್ತದೆ. ಅಂಥದ್ದು ಸಿಕ್ಕರೆ ಆತುರ ಬೇಡ, ಅಂಚಿನುದ್ದಕ್ಕೂ ಹೋಗಿ. ಸಾಲು ತಿರುಗುವ ಜಾಗ, ತುಂಡಾದ ಜಾಗ, ಎರಡು ಸಾಲು ಸೇರುವ ಜಾಗಗಳನ್ನು ಬಿಡಬೇಡಿ.

ಎರಡನೆಯದು ಕಸ. ಮರದ ಹಲಗೆ, ಹಗ್ಗದ ಗಂಟು, ಬಕೆಟ್, ಮರದ ಕಾಂಡ. ಅಂಗೈಯಗಲದ ವಸ್ತುವಿನ ಅಡಿಯಲ್ಲೂ ಮೀನಿರಬಹುದು. ನೇರವಾಗಿ ಅದರ ಮೇಲೆ ಬೋಟು ಓಡಿಸಿದರೆ ಗುಂಪು ಚೆದುರುತ್ತದೆ. ಇಪ್ಪತ್ತು ಮೂವತ್ತು ಮೀಟರ್ ಬದಿಯಿಂದ ಹಾದುಹೋಗಬೇಕು.

ಮೂರನೆಯದು ಹಕ್ಕಿ. ಇಲ್ಲಿ ಫ್ರಿಗೇಟ್ ಹಕ್ಕಿಯೇ ದೊಡ್ಡ ಗುರು. ಕಪ್ಪು ಮೈ, ಉದ್ದನೆಯ ಬಾಗಿದ ರೆಕ್ಕೆ, ಕವಲು ಬಾಲ. ಇದು ನೀರಿನ ಮೇಲೆ ಕೂರುವುದಿಲ್ಲ, ಎತ್ತರದಿಂದಲೇ ಮೀನನ್ನು ಹಿಂಬಾಲಿಸುತ್ತದೆ. ಬಹಳ ಎತ್ತರದಲ್ಲಿ ಸುಮ್ನೆ ತೇಲುತ್ತಿದ್ದರೆ ಅದೂ ಹುಡುಕುತ್ತಿದೆ ಎಂದರ್ಥ. ಕೆಳಗಿಳಿದು ಬಿರುಸಾಗಿ ತಿರುಗುತ್ತಾ ಎರಗುತ್ತಿದ್ದರೆ ಅದರ ಅಡಿಯಲ್ಲಿ ದೊಡ್ಡ ಮೀನು ಹಾರುವ ಮೀನುಗಳನ್ನು ಅಟ್ಟುತ್ತಿದೆ. ಹಕ್ಕಿ ಎಲ್ಲಿದೆ ಅಂತ ನೋಡಿದರೆ ಸಾಲದು, ಯಾವ ಕಡೆಗೆ ಹೋಗುತ್ತಿದೆ ಅಂತ ನೋಡಿ ಅದರ ಮುಂದಕ್ಕೆ ಹೋಗಬೇಕು. ಹಾರುವ ಮೀನುಗಳು ಒಟ್ಟಿಗೆ ಗಾಬರಿಬಿದ್ದು ಚಿಮ್ಮಿದರೂ ಅದೇ ಸೂಚನೆ.

ಏನೇ ಕಂಡರೂ ಜೋರಾಗಿ ಹೇಳಿ, ಕೈ ತೋರಿಸಿ. ಅದು ಬರೀ ಕಸ ಆಗಿದ್ದರೂ ಪರವಾಗಿಲ್ಲ. ಯಾವ ಒಳ್ಳೆಯ ಕ್ಯಾಪ್ಟನ್ನೂ ಇದಕ್ಕೆ ಬೇಸರಪಡುವುದಿಲ್ಲ. ಮಕ್ಕಳಿಗೆ ಈ ಕೆಲಸ ವಹಿಸಿ, ಅವರ ಕಣ್ಣು ಚುರುಕು.

ಗಾಳ, ನೂಲು, ಎರೆ

ಚಾರ್ಟರ್‌ನಲ್ಲಿ ಇದೆಲ್ಲ ಸಿದ್ಧವಾಗಿರುತ್ತದೆ, ಅದಕ್ಕೇ ಚಿಕ್ಕದಾಗಿ ಹೇಳುತ್ತೇನೆ. ಎರಡು ಬಗೆಯ ಸಲಕರಣೆ ಬೇಕು. ಬೋಟು ಓಡುತ್ತಿರುವಾಗ ಹಿಂದೆ ಎಳೆಯಲು 30 ಪೌಂಡ್ ದರ್ಜೆಯ ಟ್ರೋಲಿಂಗ್ ರಾಡ್. ಅದಕ್ಕೆ 60ರಿಂದ 80 ಪೌಂಡಿನ ಲೀಡರ್ (ಗಾಳದ ಹತ್ತಿರ ಕಟ್ಟುವ ಗಟ್ಟಿ ನೂಲು), 6/0 ಅಥವಾ 7/0 ಅಳತೆಯ ಗಾಳ. ನಿಂತು ಎಸೆಯಲು ಏಳಡಿ ಸ್ಪಿನ್ನಿಂಗ್ ರಾಡ್, 20 ಪೌಂಡ್ ನೂಲು, 30ರಿಂದ 40 ಪೌಂಡಿನ ಲೀಡರ್, ಸ್ವಲ್ಪ ಚಿಕ್ಕ ಗಾಳ. ಡ್ರ್ಯಾಗ್ ಅನ್ನು, ಅಂದರೆ ನೂಲು ಸುತ್ತುವ ರೀಲಿನ ಬ್ರೇಕನ್ನು, ನೂಲಿನ ಶಕ್ತಿಯ ಕಾಲುಭಾಗಕ್ಕೆ ಇಡಿ.

ಎಳೆಯುವ ಎರೆಗೆ ಅಲ್ಲಿ ಹೆಚ್ಚು ಬಳಸುವುದು ಬ್ಯಾಲಿಹೂ. ಕೆಳದವಡೆ ಚೂಪಾಗಿ ಮುಂದೆ ಚಾಚಿರುವ ತೆಳ್ಳಗಿನ ಬೆಳ್ಳಿಮೀನು ಅದು. ಅದನ್ನು ಹಾಗೇ ಕಟ್ಟಬಹುದು, ಅಥವಾ ತಲೆಗೆ ಬಣ್ಣದ ಸ್ಕರ್ಟ್ (ಪ್ಲಾಸ್ಟಿಕ್ ಎಳೆಗಳ ಕುಚ್ಚು) ಹಾಕಿ ಕಟ್ಟಬಹುದು. ಐದರಿಂದ ಏಳು ನಾಟ್ ವೇಗದಲ್ಲಿ ಎಳೆಯುತ್ತಾರೆ. ನಾಲ್ಕೈದು ನೂಲುಗಳನ್ನು ಒಂದೊಂದು ದೂರದಲ್ಲಿ ಬಿಡುತ್ತಾರೆ. ಕಳೆ ಇರುವ ದಿನ ಪ್ರತಿ ಗಾಳವನ್ನೂ ಆಗಾಗ ನೋಡುತ್ತಿರಬೇಕು. ಒಂದೆಳೆ ಕಳೆ ಸಿಕ್ಕಿಕೊಂಡಿದ್ದರೂ ಆ ಎರೆಯನ್ನು ಮೀನು ಮುಟ್ಟುವುದಿಲ್ಲ. ಮೇಟ್ ಒಬ್ಬರಿಗೇ ಬಿಡದೆ ನೀವೂ ಒಂದು ನೂಲಿನ ಮೇಲೆ ಕಣ್ಣಿಡಿ.

ಕಚ್ಚಿದ ಮೇಲೆ

ರೀಲ್ ಕಿರುಚುತ್ತದೆ, ರಾಡ್ ಬಾಗುತ್ತದೆ, ಎಲ್ಲರೂ ಕೂಗುತ್ತಾರೆ. ಆಗ ರಾಡನ್ನು ಜಗ್ಗಬೇಡಿ. ಓಡುವ ಬೋಟಿನ ವೇಗಕ್ಕೇ ಗಾಳ ನಾಟಿರುತ್ತದೆ. ರಾಡನ್ನು ಹೋಲ್ಡರಿನಿಂದ ತೆಗೆದು ಬುಡವನ್ನು ಸೊಂಟದ ಪಟ್ಟಿಗೆ ಊರಿ, ತುದಿ ಮೇಲಿರಲಿ.

ಮೀನು ನೂಲು ಎಳೆದುಕೊಂಡು ಓಡುತ್ತಿದ್ದರೆ ಸುತ್ತಬೇಡಿ, ಬಿಡಿ. ಹೊಸಬರು ಎಡವುವುದು ಇಲ್ಲೇ. ಅದು ನಿಂತಾಗ ರಾಡನ್ನು ನಿಧಾನವಾಗಿ ಎತ್ತಿ, ಇಳಿಸುತ್ತಾ ಸುತ್ತಿ. ಮತ್ತೆ ಎತ್ತಿ, ಇಳಿಸುತ್ತಾ ಸುತ್ತಿ. ಮಾಹಿ ನೀರಿನಿಂದ ಮೇಲಕ್ಕೆ ಹಾರಿ ತಲೆ ಒದರುತ್ತದೆ. ಆ ಕ್ಷಣ ನೂಲು ಸಡಿಲವಾದರೆ ಗಾಳ ಕಳಚಿಕೊಂಡು ಬಿಡುತ್ತದೆ. ಸುತ್ತುವುದನ್ನು ನಿಲ್ಲಿಸದೆ ನೂಲನ್ನು ಬಿಗಿಯಾಗಿಡಿ. ಡ್ರ್ಯಾಗ್ ಮುಟ್ಟಬೇಡಿ, ಅದನ್ನು ಮೇಟ್ ನೋಡಿಕೊಳ್ಳುತ್ತಾರೆ.

ಬೋಟಿನ ಹತ್ತಿರ ಬಂದ ಮೇಲೆ ಅದರ ಬಣ್ಣ ನೋಡಿ. ಬೆನ್ನು ನೀಲಿ, ಪಕ್ಕೆ ಹಸಿರು ಹೊನ್ನು, ಮೈತುಂಬ ನೀಲಿ ಚುಕ್ಕಿ. ಸತ್ತ ಕೆಲವು ನಿಮಿಷಕ್ಕೆ ಎಲ್ಲ ಮಾಸಿ ಬೂದು ಬಣ್ಣವಾಗುತ್ತದೆ. ಹಾಗಾಗಿ ಫೋಟೋ ಬೇಕೆಂದರೆ ಕ್ಯಾಮೆರಾ ಮುಂಚೆಯೇ ಸಿದ್ಧವಿರಲಿ.

ದೊಡ್ಡ ಮೀನನ್ನು ಗ್ಯಾಫ್ ಹಾಕಿ ಎತ್ತಿ, ಕೈ ತಡೆಯದೆ ಐಸ್ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚುತ್ತಾರೆ. ಮಾಹಿ ಡೆಕ್ಕಿಗೆ ಬಿದ್ದರೆ ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳುತ್ತದೆ, ಬಾಯಲ್ಲಿ ಗಾಳ ಬೇರೆ ಇರುತ್ತದೆ. ಪೆಟ್ಟಿಗೆಯ ತನಕದ ದಾರಿ ಖಾಲಿ ಇರಲಿ. ಮಕ್ಕಳು ಪಕ್ಕಕ್ಕೆ ನಿಲ್ಲಲಿ.

ಗುಂಪು ಬಂದಾಗ

ಒಂದು ಸ್ಕೂಲಿ ಕಚ್ಚಿತು ಅಂದರೆ ಹಿಂದೆ ಇನ್ನಷ್ಟು ಇರುತ್ತವೆ. ಗಾಳಕ್ಕೆ ಬಿದ್ದ ಮೀನಿನ ಜೊತೆ ಉಳಿದವೂ ಬೋಟಿನ ತನಕ ಬರುತ್ತವೆ. ಬೋಟು ನಿಲ್ಲಿಸಿ, ಮೊದಲ ಮೀನನ್ನು ಎತ್ತದೆ ನೀರಿನಲ್ಲೇ ಹಿಡಿದುಕೊಳ್ಳಬೇಕು. ಎರಡನೆಯವರ ಗಾಳಕ್ಕೆ ಇನ್ನೊಂದು ಬಿದ್ದ ಮೇಲೆಯೇ ಮೊದಲನೆಯದನ್ನು ಮೇಲೆತ್ತುವುದು. ಹೀಗೆ ಯಾವಾಗಲೂ ಒಂದು ಮೀನು ನೀರಿನಲ್ಲಿದ್ದರೆ ಗುಂಪು ನಿಂತಿರುತ್ತದೆ. ಇಲ್ಲದಿದ್ದರೆ ನಿಮಿಷದೊಳಗೆ ಮಾಯ.

ಸ್ಪಿನ್ನಿಂಗ್ ರಾಡಿಗೆ ಬ್ಯಾಲಿಹೂ ತುಂಡು ಸಿಕ್ಕಿಸಿ ಎಸೆಯಿರಿ. ಮೇಟ್ ನಡುನಡುವೆ ಎರೆಯ ಚೂರುಗಳನ್ನು ಎರಚುತ್ತಿರುತ್ತಾರೆ. ಅದನ್ನು ಚಿಟಿಕೆಯಷ್ಟೇ ಹಾಕಬೇಕು. ಹೊಟ್ಟೆ ತುಂಬಿದರೆ ಗಾಳದ ಕಡೆ ಯಾಕೆ ಬರುತ್ತವೆ, ಅಲ್ವಾ? ಕಚ್ಚುವುದು ನಿಧಾನವಾದರೆ ತುಂಡಿನ ಬದಲು ಸಣ್ಣ ಬಕ್‌ಟೇಲ್ ಜಿಗ್, ಅಂದರೆ ಕೂದಲು ಕಟ್ಟಿದ ಭಾರದ ಗಾಳ, ಎಸೆದು ಬೇಗ ಬೇಗ ಎಳೆದು ನೋಡಿ. ಗುಂಪಿನ ಅಡಿಯಲ್ಲಿ ದೊಡ್ಡದೊಂದು ಇರುವುದುಂಟು, ಒಂದು ಎರೆಯನ್ನು ಆಳಕ್ಕೂ ಬಿಡಿ. ದೊಡ್ಡ ಬುಲ್ ಸಿಕ್ಕಿದಾಗ ಅದರ ಜೋಡಿ ಹತ್ತಿರದಲ್ಲೇ ಇರುವ ಸಾಧ್ಯತೆ ಹೆಚ್ಚು, ಆಗಲೂ ಇನ್ನೊಂದು ಎರೆ ನೀರಿನಲ್ಲಿರಲಿ.

ಎಷ್ಟು ಇಟ್ಟುಕೊಳ್ಳಬಹುದು

ಇಲ್ಲಿ ಕಾನೂನು ಬಿಗಿ. ದಡದಿಂದ ಮೂರು ನಾಟಿಕಲ್ ಮೈಲಿ ತನಕ ಅಟ್ಲಾಂಟಿಕ್ ನೀರು ಫ್ಲಾರಿಡಾ ರಾಜ್ಯದ್ದು, ಅದರಾಚೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ್ದು. 2022ರಲ್ಲಿ ಎರಡೂ ಕಡೆ ಮಿತಿ ಇಳಿಸಿದರು. ರಾಜ್ಯದ ನೀರಿನಲ್ಲಿ ತಲೆಗೆ ದಿನಕ್ಕೆ 5, ಬೋಟಿಗೆ 30. ಫೆಡರಲ್ ನೀರಿನಲ್ಲಿ ತಲೆಗೆ 10, ಬೋಟಿಗೆ 54. ಮೀನು ಕನಿಷ್ಠ 20 ಇಂಚು ಇರಬೇಕು, ಮೂತಿಯಿಂದ ಬಾಲದ ಕವಲಿನ ನಡುವಿನ ತನಕ ಅಳೆಯಬೇಕು. ಕಡಲಿನ ಮೇಲೆಯೇ ಕತ್ತರಿಸುವ ಹಾಗಿಲ್ಲ, ತಲೆ ಮತ್ತು ರೆಕ್ಕೆ ಸಮೇತ ದಡಕ್ಕೆ ತರಬೇಕು. ಈ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಫ್ಲಾರಿಡಾ ಮೀನು ಮತ್ತು ವನ್ಯಜೀವಿ ಆಯೋಗದ ವೆಬ್‌ಸೈಟ್ ನೋಡಿ.

ಮಿತಿ ಇದೆ ಅಂತ ಮಿತಿಯ ತನಕ ಹಿಡಿಯಲೇಬೇಕು ಅಂತಿಲ್ಲ. ಎರಡು ಕಿಲೋದ ಮೀನುಗಳು ನಾಲ್ಕು ಸಿಕ್ಕರೆ ಒಂದು ಕುಟುಂಬಕ್ಕೆ ಹಲವು ಊಟ. ಕೀಸ್‌ನ ಎಷ್ಟೋ ಕ್ಯಾಪ್ಟನ್‌ಗಳು ಹಿಂದಿನಷ್ಟು ದೊಡ್ಡ ಮೀನು ಈಗ ಬರುತ್ತಿಲ್ಲ ಅಂತ ನೊಂದು ಹೇಳುತ್ತಾರೆ. ಚಿಕ್ಕವನ್ನು ಬಿಡುವುದಾದರೆ ಒದ್ದೆ ಕೈಯಲ್ಲಿ ಹಿಡಿದು, ಗಾಳ ಬಿಡಿಸಿ, ಬೇಗ ನೀರಿಗೆ ಬಿಡಿ. ಕೆಲವು ಬೋಟ್‌ಗಳು ಬಿಡುವ ಮೀನಿಗೆ ಗುರುತಿನ ಟ್ಯಾಗ್ ಚುಚ್ಚಿ ಬಿಡುತ್ತವೆ. 2002ರಲ್ಲಿ ಶುರುವಾದ ಡಾಲ್ಫಿನ್‌ಫಿಶ್ ರಿಸರ್ಚ್ ಪ್ರೋಗ್ರಾಂ ಹೀಗೆ ಸಾಮಾನ್ಯ ಮೀನುಗಾರರ ಕೈಯಿಂದಲೇ ಮಾಹಿಯ ಪಯಣದ ಮಾಹಿತಿ ಕೂಡಿಸುತ್ತಿದೆ. ನಿಮ್ಮ ಕ್ಯಾಪ್ಟನ್ ಅದರಲ್ಲಿದ್ದಾರಾ ಅಂತ ಕೇಳಿ. ಮಕ್ಕಳಿಗೆ ಟ್ಯಾಗ್ ಹಾಕಿ ಬಿಡುವುದು ಬಹಳ ಖುಷಿ ಕೊಡುತ್ತದೆ.

ಐಸ್

ಈ ಭಾಗವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾಹಿ, ಟ್ಯೂನ, ಬಂಗುಡೆ ಜಾತಿಯ ಮೀನುಗಳನ್ನು ಬಿಸಿಲಲ್ಲಿ ಇಟ್ಟರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿ ಹಿಸ್ಟಮಿನ್ ತಯಾರಿಸುತ್ತವೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗುವುದು, ತಲೆನೋವು, ಮೈಯೆಲ್ಲ ದದ್ದು, ವಾಂತಿ. ಎಷ್ಟು ಬೇಯಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ನೋಡಲು, ಮೂಸಲು ಮೀನು ಸರಿಯಾಗಿಯೇ ಇರಬಹುದು. ತಡೆಯುವ ದಾರಿ ಒಂದೇ, ಹಿಡಿದ ಕೂಡಲೇ ತಂಪು ಮಾಡುವುದು.

ಬರೀ ಐಸ್ ಮೇಲೆ ಇಡುವುದಕ್ಕಿಂತ ಐಸಿಗೆ ಸ್ವಲ್ಪ ಕಡಲ ನೀರು ಸೇರಿಸಿ ಮಡ್ಡಿಯ ಹಾಗೆ ಮಾಡಿ ಅದರಲ್ಲಿ ಮುಳುಗಿಸಿದರೆ ಮೀನು ಬೇಗ ತಣ್ಣಗಾಗುತ್ತದೆ. ಮುಂಚೆ ಕಿವಿರು ಕತ್ತರಿಸಿ ರಕ್ತ ಹರಿಸಿದರೆ ಮಾಂಸ ಬೆಳ್ಳಗಿರುತ್ತದೆ. ದಡಕ್ಕೆ ಬಂದ ಮೇಲೆ ಜೆಟ್ಟಿಯಲ್ಲಿ ಮೀನುಗಳನ್ನು ಸಾಲಾಗಿ ನೇತುಹಾಕಿ ಫೋಟೋ ತೆಗೆಯುವ ರೂಢಿ ಇದೆ. ತೆಗೆಯಿರಿ, ಆದರೆ ಬೇಗ ಮುಗಿಸಿ ಮತ್ತೆ ಐಸಿಗೆ ಹಾಕಿಸಿ. ಕತ್ತರಿಸಿದ ತುಂಡುಗಳನ್ನು ಜಿಪ್ ಚೀಲದಲ್ಲಿ ಹಾಕಿ, ಚೀಲವನ್ನು ಐಸಿನೊಳಗೆ ಹುದುಗಿಸಿ. ಮಾಂಸಕ್ಕೆ ಕರಗಿದ ನೀರು ತಾಗದಿರಲಿ.

ಅಡುಗೆ, ಮತ್ತು ಊರಿಗೆ ಒಯ್ಯುವುದು

ಕೀಸ್‌ನ ಹಲವು ಹೋಟೆಲ್‌ಗಳು ನೀವು ಹಿಡಿದ ಮೀನನ್ನೇ ಬೇಯಿಸಿ ಕೊಡುತ್ತವೆ. ಆ ಸಂಜೆಯ ಊಟಕ್ಕೆ ಹಾಗೆ ಮಾಡಿ. ಬಾಡಿಗೆ ಮನೆಯಲ್ಲಿ ಅಡುಗೆಮನೆ ಇದ್ದರೆ ರವೆ ಫ್ರೈ ಇನ್ನೂ ಚೆನ್ನ. ಮಾಹಿ ಮಾಂಸ ಗಟ್ಟಿ, ಎಣ್ಣೆಯಂಶ ಕಡಿಮೆ, ಉಪ್ಪುನೀರಿನ ವಾಸನೆಯೂ ಇಲ್ಲ. ಸಿಪ್ಪೆ ದಪ್ಪ, ಅದನ್ನು ಸುಲಿಸಿಕೊಳ್ಳಿ. ನಡುವಿನ ಕೆಂಪು ಗೆರೆಯನ್ನು ತೆಗೆದುಬಿಡಿ. ಖಾರದ ಪುಡಿ, ಅರಿಸಿನ, ಉಪ್ಪು, ಬೆಳ್ಳುಳ್ಳಿ, ಹುಣಿಸೆರಸ ಸವರಿ ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು, ರವೆಯಲ್ಲಿ ಹೊರಳಿಸಿ ತವಾದಲ್ಲಿ ಹಾಕಿ. ಒಂದಿಂಚು ದಪ್ಪದ ತುಂಡಿಗೆ ಒಂದೊಂದು ಬದಿ ಮೂರು ನಾಲ್ಕು ನಿಮಿಷ ಸಾಕು. ಅಂಜಲಿನ ಹಾಗೆ ಜಾಸ್ತಿ ಹೊತ್ತು ಬಿಟ್ಟರೆ ಒಣಗಿ ನಾರಾಗುತ್ತದೆ. ಗಸಿ ಮಾಡುವುದಾದರೆ ಮಸಾಲೆ ಪೂರ್ತಿ ಕುದಿದ ಮೇಲೆ ಕೊನೆಗೆ ಮೀನು ಹಾಕಿ.

ವಿಮಾನದಲ್ಲಿ ಒಯ್ಯಬೇಕೆಂದರೆ ತುಂಡುಗಳನ್ನು ಗಟ್ಟಿಯಾಗಿ ಫ್ರೀಜ್ ಮಾಡಿ, ಸೋರದ ಮೆತ್ತನೆ ಕೂಲರಿನಲ್ಲಿ ತುಂಬಿ. ಡ್ರೈ ಐಸ್ ಹಾಕುವುದಾದರೆ ಒಬ್ಬರಿಗೆ 2.5 ಕಿಲೋ ತನಕ ಮಾತ್ರ ಬಿಡುತ್ತಾರೆ, ಏರ್‌ಲೈನಿಗೆ ಮುಂಚೆಯೇ ತಿಳಿಸಬೇಕು, ಗಾಳಿ ಹೊರಹೋಗಲು ಕೂಲರಿನ ಮುಚ್ಚಳ ಪೂರ್ತಿ ಬಿಗಿಯಾಗಿರಬಾರದು. ಮನೆಗೆ ಬಂದ ಮೇಲೆ ಕರಗಿಸುವಾಗಲೂ ಹೊರಗಿಡದೆ ಫ್ರಿಜ್ಜಿನಲ್ಲೇ ರಾತ್ರಿಯಿಡೀ ಇಟ್ಟು ಕರಗಿಸಿ.